ಹನ್ನೊಂದನೇ ನಂಬರಿನಾಕೆಯ ಉಡಿ

ಮೇಡಂ ತೀರಿಕೊಂಡರೆಂದು ನನ್ನ ಅಣ್ಣನ ಮಗಳು ಕಚೇರಿಗೆ ಫೋನು ಮಾಡಿ ಹೇಳಿದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವರ ಕೈಯಲ್ಲಿರುತ್ತಿದ್ದ ಕಸಬರಿಗೆ. ಮುಖ ಆಮೇಲೆ ಬಂತು. ದೇಶದ ಜೆರ್ಸಿ ತೊಟ್ಟು ಬ್ಯಾಸ್ಕೆಟ್‌ಬಾಲ್ ಆಡಿ ಬಂದ ಹೆಂಗಸನ್ನು ಕಸಬರಿಗೆಯಿಂದ ನೆನೆಯುವುದು ಮರ್ಯಾದೆಯಲ್ಲ ಎಂದು ಯಾರಾದರೂ ಅನ್ನಬಹುದು. ಅನ್ನಲಿ. ಅವರನ್ನು ಕಂಡವರು ಅನ್ನುವುದಿಲ್ಲ.

ಆದವಾನಿಯಲ್ಲಿ ಹತ್ತಿ ಬರುವ ಕಾಲಕ್ಕೆ ಜಿನ್ನಿಂಗ್ ಮಿಲ್ಲುಗಳಿಂದ ಎದ್ದ ಎಳೆ ಊರೆಲ್ಲ ಹಾರಾಡುತ್ತದೆ. ನಮ್ಮ ಶಾಲೆಯ ಹಿಂದಿನ ಸಿಮೆಂಟು ಕೋರ್ಟು ಗುಡ್ಡದ ಬುಡದಲ್ಲಿದೆ. ಗಾಳಿ ತಂದದ್ದೆಲ್ಲ ಅಲ್ಲೇ ಬಂದು ಕೂಡುತ್ತದೆ. ಆಟಕ್ಕೆ ಮೊದಲು ಮೇಡಂ ಸೆರಗು ಸಿಕ್ಕಿಸಿಕೊಂಡು, ಕ್ಯಾನ್ವಾಸ್ ಬೂಟು ಮೆಟ್ಟಿ, ಆ ಮೂಲೆಯಿಂದ ಈ ಮೂಲೆಗೆ ಬಗ್ಗಿ ಗುಡಿಸುತ್ತಿದ್ದರು. ನಾವು ಕೈ ಚಾಚಿದರೆ ಕಸಬರಿಗೆ ಕೊಡುತ್ತಿರಲಿಲ್ಲ. ನಿಮಗೆ ನೆಲ ನೋಡಲು ಬರುವುದಿಲ್ಲ ಎಂದು ಬಯ್ಯುತ್ತಿದ್ದರು. ಗುಡಿಸಿದ ಮೇಲೆ ಮತ್ತೊಂದು ಸುತ್ತು ಬರಿಗಣ್ಣಿನಲ್ಲೇ ತಿರುಗಿ ಬಂದು, ಅಷ್ಟಾದ ಮೇಲೆ ಸೀಟಿ ಊದುವುದು.

ಹುಡುಗಿಯರೆಲ್ಲ ಬೆನ್ನ ಹಿಂದೆ ಅವರನ್ನು ಫಿಕರ್ ಮೇಡಂ ಅನ್ನುತ್ತಿದ್ದೆವು. ಅವರಿಗೆ ಚಿಂತೆ ಮಾಡಲು ಕಾರಣ ಬೇಕಿರಲಿಲ್ಲ. ರಿಂಗು ಕಳಚಿ ತಲೆಯ ಮೇಲೆ ಬೀಳಬಹುದು. ಬೂಟಿನ ದಾರ ಬಿಚ್ಚಿ ಯಾರಾದರೂ ಮುಗ್ಗರಿಸಬಹುದು. ಬಳ್ಳಾರಿಯ ಹುಡುಗಿಯರು ಬರುವ ಬಸ್ಸು ಹಾಲಹರವಿ ಹತ್ತಿರ ಕೆಟ್ಟು ನಿಂತಿರಬಹುದು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, ಇಷ್ಟು ಬೇಗ ಹೇಗೆ ಬಂತು, ಡ್ರೈವರ್ ಅಷ್ಟು ಜೋರು ಯಾಕೆ ಓಡಿಸಿದ ಎಂದು ಮತ್ತೊಂದು ಚಿಂತೆ. ನಮ್ಮ ಊರಿನಲ್ಲಿ ಯಾರು ಯಾವುದಕ್ಕೆ ಹೆದರಿದರೂ "ಏಂ ಕಾದು" ಅಂದುಬಿಡುತ್ತಾರೆ. ಏನೂ ಆಗಲ್ಲ ಬಿಡು ಎಂಬುದಕ್ಕೆ ತೆಲುಗಿನ ಮಾತು ಅದು. ಕನ್ನಡದವರೂ ಹಾಗೇ ಅನ್ನುತ್ತೇವೆ, ಅದರಲ್ಲಿ ಒಂದು ಸಮಾಧಾನವಿದೆ. ಮೇಡಂ ಮುಂದೆ ಮಾತ್ರ ಆ ಮಾತು ಆಡುವ ಹಾಗಿರಲಿಲ್ಲ.

"ಏಂ ಕಾದು ಅಂತ ನಾನೂ ಒಮ್ಮೆ ಅಂದಿದ್ದೆ," ಅನ್ನುತ್ತಿದ್ದರು. ಅಷ್ಟೇ. ಮುಂದಿನದನ್ನು ಹೇಳುತ್ತಿರಲಿಲ್ಲ.

ಕುರ್ಚಿಯಲ್ಲಿ ಒರಗಿ ಕೂತದ್ದನ್ನು ನಾವ್ಯಾರೂ ಕಂಡವರಲ್ಲ. ಅಂಚಿನ ಮೇಲೆ ಕೂರುವುದು, ಮೊಣಕಾಲಿನ ಮೇಲೆ ಎರಡೂ ಕೈ, ಯಾರಾದರೂ ಕೂಗಿದರೆ ಎದ್ದು ಓಡಲು ತಯಾರು. ನಿವೃತ್ತಿಯ ಸಭೆಯಲ್ಲಿ ಹಾರ, ಶಾಲು ಹಾಕಿ ಸಿಂಹಾಸನದಂಥ ಕೆಂಪು ಕುರ್ಚಿಯಲ್ಲಿ ಕೂರಿಸಿದಾಗಲೂ ಅದರ ತುದಿಯಲ್ಲೇ ಕೂತು ಶಾಮಿಯಾನದ ಗೂಟ ನೋಡುತ್ತಿದ್ದರು.

ಅವರದು ಹಾಲಹರವಿ ಕಡೆಯ ಕುರಿಗಾರರ ಮನೆ. ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಓದಲು ಆದವಾನಿಗೆ ಬಂದಾಗ ಯಾರೋ ಮೇಷ್ಟ್ರು ಆ ಎತ್ತರ ನೋಡಿ ಕೈಗೆ ಚೆಂಡು ಕೊಟ್ಟರು. ಅಲ್ಲಿಂದ ಕ್ರೀಡಾ ಹಾಸ್ಟೆಲು, ರಾಜ್ಯದ ತಂಡ, ಕೊನೆಗೆ ಒಂದೇ ಒಂದು ಸಲ ದೇಶದ ತಂಡ. ಆಮೇಲೆ ನಮ್ಮ ಶಾಲೆಯ ಆಟದ ಮೇಡಂ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಗಂಡಿನ ಎತ್ತರ ಅಳೆಯಲು ಅಪ್ಪನಿಗೆ ಏಣಿ ಸಿಗಲಿಲ್ಲ ಎಂದು ನಗಿಸಿ ಬಾಯಿ ಮುಚ್ಚಿಸುತ್ತಿದ್ದರು.

ನಮ್ಮದು ಮಡಿ, ಪೂಜೆ, ಆರಾಧನೆ ಎಂದು ಬದುಕಿದ ವೈಷ್ಣವರ ಮನೆ. ನನ್ನನ್ನು ಆಟಕ್ಕೆ ಕಳಿಸಿರೆಂದು ಕೇಳಲು ಮೇಡಂ ನಮ್ಮ ಮನೆಗೆ ಬಂದಿದ್ದರು. ಮಗಳು ಚಡ್ಡಿ ತೊಟ್ಟು ಬಯಲಲ್ಲಿ ಓಡುವುದೆಂದರೆ ಅಮ್ಮನಿಗೆ ಜೀವ ಹೋದ ಹಾಗೆ. ಆಗುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮೇಡಂ ತಾವೇ ಶುರು ಮಾಡಿದರು: ಬಿಸಿಲು ತಾಗಬಹುದು, ಕಾಲು ಉಳುಕಬಹುದು, ಊರಿನವರು ಏನಾದರೂ ಅನ್ನಬಹುದು, ರೈಲಿನಲ್ಲಿ ಹೋಗುವಾಗ ಹುಡುಗಿ ಕಿಟಕಿಯಿಂದ ಕೈ ಹೊರಗೆ ಹಾಕಬಹುದು. ಅಮ್ಮ ಮಾಡಬೇಕಿದ್ದ ಚಿಂತೆಯನ್ನೆಲ್ಲ ಬಂದವರೇ ಮಾಡಿ ಮುಗಿಸಿದ್ದರು. ಕೊನೆಗೆ ಅಮ್ಮನೇ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಅಷ್ಟೊಂದು ಹಚ್ಚಿಕೊಳ್ಳಬೇಡಿ, ಕಳಿಸುತ್ತೇನೆ ಅಂದಳು. ಇದು ಅವರು ಹೂಡಿದ ಆಟ ಎಂದು ನಾನು ಬಹಳ ದಿನ ತಿಳಿದಿದ್ದೆ. ಅಲ್ಲ, ಅವರು ಇದ್ದದ್ದೇ ಹಾಗೆ.

ನಮ್ಮ ಕೋರ್ಟಿನಲ್ಲಿ ಒಂದು ಪದ್ಧತಿ ಇತ್ತು. ಬೇರೆಲ್ಲೂ ಇಲ್ಲದ್ದು. ಹೊರಗಿನ ತಂಡ ಆಡಲು ಬಂದರೆ, ಗೆಲ್ಲಲಿ ಸೋಲಲಿ, ಆ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ ಹುಡುಗಿಯನ್ನು ನಾವು, ಅಂದರೆ ಎದುರು ತಂಡದವರು, ಆರಿಸಬೇಕು. ಆರಿಸಿ ಆಕೆಗೆ ಉಡಿ ತುಂಬಬೇಕು. ತವರಿಗೆ ಬಂದ ಮಗಳು ಹೊರಟಾಗ, ಮನೆಗೆ ಬಂದ ಮುತ್ತೈದೆ ಎದ್ದಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬಸದ ಬಟ್ಟೆ ಹಾಕಿ ಕಳಿಸುತ್ತೇವಲ್ಲ, ಅದೇ ಉಡಿ. ಆಟದ ಹುಡುಗಿಗೆ ಸೆರಗೆಲ್ಲಿ? ಜೆರ್ಸಿಯ ಅಂಚನ್ನೇ ಎರಡೂ ಕೈಯಿಂದ ಹಿಡಿದು ಒಡ್ಡಬೇಕು.

ಕಪ್ಪು ಕೊಡುವವರು ಎಲ್ಲ ಊರಲ್ಲೂ ಇದ್ದಾರೆ, ಹೆಚ್ಚು ಪಾಯಿಂಟು ಹೊಡೆದವಳಿಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಸೋತು ಬೆವರು ಒರೆಸಿಕೊಳ್ಳುವಾಗ, ನಮ್ಮನ್ನು ಸೋಲಿಸಿದವಳಿಗೆ ನಾವೇ ಉಡಿ ತುಂಬುವುದೆಂದರೆ ಮೊದಮೊದಲು ಮೈ ಉರಿಯುತ್ತಿತ್ತು. ಆರಿಸುವಾಗಲಂತೂ ದೊಡ್ಡ ಜಗಳ. ನನ್ನ ಕೈಯಿಂದ ಮೂರ್ನಾಲ್ಕು ಸಲ ಚೆಂಡು ಕಸಿದ ಗುಂತಕಲ್ಲಿನ ಗಿಡ್ಡಿಯೊಬ್ಬಳ ಹೆಸರನ್ನು ನಾನೇ ಹೇಳಬೇಕಾಗಿ ಬಂದ ದಿನ ಅತ್ತಿದ್ದೆ. ಮೇಡಂ ಪಕ್ಕದಲ್ಲಿ ನಿಂತು, ಅಳುವುದಿದ್ದರೆ ಆಮೇಲೆ ಅಳು, ಕೈ ನಡುಗಿ ಅಕ್ಕಿ ಚೆಲ್ಲೀತು ಅಂದರು.

ಅದೇ ಅವರ ದೊಡ್ಡ ಚಿಂತೆ: ಅಕ್ಕಿ ಚೆಲ್ಲಬಾರದು. ಹುಡುಗಿ ಮೊಣಕಾಲೂರಿ ಕೂರಬೇಕು. ಸುತ್ತ ಯಾರೂ ಅಲುಗಾಡಬಾರದು. ಹೆಸರು ಹಿಡಿದು ಕೂಗಬಾರದು. ಫೋಟೊ ಗೀಟೊ ಆಮೇಲೆ. ಉಡಿ ತುಂಬಿದ ಮೇಲೆ ಜೆರ್ಸಿಯ ಅಂಚು ತಿರುಚಿ ಗಂಟು ಹಾಕುವ ತನಕ ಆಕೆ ಏಳಕೂಡದು. ಆ ಗಂಟನ್ನು ಮೇಡಂ ತಮ್ಮ ಕೈಯಿಂದ ಎಳೆದು ನೋಡುತ್ತಿದ್ದರು. ಆಕೆ ಎದ್ದು ಹೋದ ಜಾಗದಲ್ಲಿ ಬಗ್ಗಿ ನೆಲ ನೋಡುತ್ತಿದ್ದರು. ಒಂದು ಕಾಳು ಕಂಡರೂ ಎತ್ತಿ, ಓಡಿಹೋಗಿ ಆ ಹುಡುಗಿಯ ಉಡಿಗೆ ಸೇರಿಸಿ ಬರುತ್ತಿದ್ದರು. ಒಮ್ಮೆ ಬಳ್ಳಾರಿಯ ತಂಡ ಬಸ್ಸು ಹತ್ತಿಯಾಗಿತ್ತು. ಮೇಡಂ ಎರಡು ಕಾಳು ಅಕ್ಕಿ ಹಿಡಿದು ಬಸ್ಸಿನ ಹಿಂದೆ ಓಡಿದ್ದನ್ನು ನೋಡಿ ನಾವು ಹೊಟ್ಟೆ ಹಿಡಿದು ನಕ್ಕೆವು.

ಕುಬಸದ ಬಟ್ಟೆಯ ವಿಷಯದಲ್ಲೂ ಅಷ್ಟೇ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದು ಪೆಟ್ಟಿಗೆ ಇರುತ್ತದೆ, ಅವರಿವರು ಉಡಿಗೆ ಹಾಕಿದ ಬಟ್ಟೆಗಳೆಲ್ಲ ಅದರಲ್ಲಿ ಕೂತು ಮುಂದಿನವರ ಉಡಿಗೆ ಹೋಗುತ್ತವೆ. ಹೊಲಿಸಿಕೊಳ್ಳುವವರು ಯಾರೂ ಇಲ್ಲ. ಅಮ್ಮ ಹಾಗೆ ಒಂದು ಬಟ್ಟೆ ಕೊಟ್ಟು ಕಳಿಸಿದರೆ ಮೇಡಂ ಅದನ್ನು ಮೂಸಿ ನೋಡಿ, ಇದು ಬಹಳ ಊರು ತಿರುಗಿದೆ ಎಂದು ವಾಪಸು ಕೊಟ್ಟಿದ್ದರು. ಅಮ್ಮ ವಾರವೆಲ್ಲ ಸಿಟ್ಟಾಗಿದ್ದಳು.

ಮುಸ್ಲಿಮರ ಹುಡುಗಿಯೊಬ್ಬಳು ಎದುರು ತಂಡದಲ್ಲಿ ಚೆನ್ನಾಗಿ ಆಡಿದಾಗ ಮಾತ್ರ ಮೇಡಂ ದಾರಿ ಕಾಣದೆ ನಿಂತರು. ಕೊಡದಿದ್ದರೆ ಅನ್ಯಾಯ. ಕೊಟ್ಟರೆ ಆಕೆಯ ಮನೆಯವರು ಏನೆಂದುಕೊಂಡಾರೊ. ಆಟ ನೋಡಲು ಬಂದಿದ್ದ ಆ ಹುಡುಗಿಯ ಅಜ್ಜಿಯ ಹತ್ತಿರ ಹೋಗಿ ತೊದಲುತ್ತ ಕೇಳಿದರು. ಅಜ್ಜಿ, ಗೋದ್ ಭರನಾ ನಮ್ಮಲ್ಲೂ ಉಂಟಲ್ಲ, ಕುಂಕುಮ ಒಂದು ಬಿಡಿ ಅಂದಳು. ಮೇಡಂ ಕುಂಕುಮ ಬಿಟ್ಟು ಎರಡು ಖರ್ಜೂರ ಹೆಚ್ಚಿಗೆ ಹಾಕಿದರು.

ಇಷ್ಟೊಂದು ಭಯ ಯಾಕೆ ಎಂದು ನನಗೆ ತಿಳಿದದ್ದು ಕೋಸಗಿಯ ಪ್ಲಾಟ್‌ಫಾರಮ್ಮಿನಲ್ಲಿ. ರಾಯಚೂರಿಗೆ ಆಡಲು ಹೊರಟಿದ್ದೆವು. ಆಗ ನಾನು ಕಾಲೇಜು ಸೇರಿದ್ದೆ, ಚಿಕ್ಕ ಹುಡುಗಿಯರನ್ನು ನೋಡಿಕೊಳ್ಳಲು ಮೇಡಂ ಜೊತೆ ಹೋಗುತ್ತಿದ್ದೆ. ಕೋಸಗಿಯಲ್ಲಿ ಎಂದಿನಂತೆ ಕೂಲಿಗೆ ಹೊರಟ ಸಂಸಾರಗಳು ಪಾತ್ರೆ ಗಂಟು ಹೊತ್ತು ಒಬ್ಬರ ಮೇಲೊಬ್ಬರು ಹತ್ತುತ್ತಿದ್ದವು. ಒಬ್ಬ ಹೆಂಗಸಿನ ಗಂಟು ಬಾಗಿಲಿಗೆ ಸಿಕ್ಕಿ ಬಿಚ್ಚಿಕೊಂಡು ಜೋಳವೆಲ್ಲ ಕೆಳಗೆ ಸುರಿಯಿತು. ನಾವು ಅಯ್ಯೋ ಅನ್ನುವಷ್ಟರಲ್ಲಿ ಮೇಡಂ ಇಳಿದಾಗಿತ್ತು. ಆ ಎತ್ತರದ ಹೆಂಗಸು ನೆಲಕ್ಕೆ ಕೂತು ಎರಡೂ ಕೈಯಿಂದ ಜೋಳ ಬಾಚಿ ಆಕೆಯ ಸೆರಗಿಗೆ ಹಾಕುತ್ತಿದ್ದರು. ರೈಲು ಕೂಗಿತು. ನಾನು ರಟ್ಟೆ ಹಿಡಿದು ಎಳೆದು ಹತ್ತಿಸಿಕೊಂಡೆ. ರಾಯಚೂರು ಬರುವವರೆಗೆ, ಹುಡುಗಿಯರು ಆಚೆ ಹಾಡು ಹೇಳುತ್ತಿದ್ದಾಗ, ನನಗೊಬ್ಬಳಿಗೇ ಹೇಳಿದರು.

ದೇಶದ ತಂಡಕ್ಕೆ ಆಯ್ಕೆಯಾಗಿ ಹೊರಟಾಗ ಅವರ ಅವ್ವ ಆದವಾನಿಯ ಸ್ಟೇಷನ್ನಿಗೆ ಬಂದಿದ್ದಳಂತೆ. ಹೊರದೇಶ ಎಂದರೆ ಏನು, ಅಲ್ಲಿ ಏನು ಆಡುತ್ತಾರೆ, ಒಂದೂ ಆಕೆಗೆ ಗೊತ್ತಿಲ್ಲ. ಅಲ್ಲಿ ಬೇರೆ ಬೇರೆ ದೇಶದ ಹೆಣ್ಣುಮಕ್ಕಳು ಸೇರುತ್ತಾರೆ ಅನ್ನುವುದಷ್ಟೇ ತಿಳಿದಿತ್ತು. ಅಷ್ಟು ಜನ ಹೆಣ್ಣುಮಕ್ಕಳು ಸೇರುವಲ್ಲಿಗೆ ಬರಿಗೈಯಲ್ಲಿ ಹೋಗುತ್ತಾರೆಯೇ? ಒಂದು ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಸಿನದ ಕೊಂಬು, ಹಸಿರು ಕುಬಸದ ಬಟ್ಟೆ ಕಟ್ಟಿಕೊಟ್ಟು, "ಅಲ್ಲಿ ಎಲ್ಲಾರಿಗಿಂತ ಛಲೋ ಆಡಿದಾಕಿಗೆ ಉಡಿ ತುಂಬಿ ಬಾರವ್ವ. ಯಾರ ಹೊಟ್ಟ್ಯಾಗ ಹುಟ್ಟಿದ ಮಗಳೊ ಏನೊ," ಅಂದಳಂತೆ.

ನಮ್ಮ ತಂಡ ಅಲ್ಲಿ ಎಲ್ಲರ ಕೈಯಲ್ಲೂ ಸೋತಿತು. ಮೇಡಂ ಹೆಚ್ಚು ಹೊತ್ತು ಬೆಂಚಿನ ಮೇಲೇ ಕೂತಿದ್ದರು. ಕೂತಿದ್ದರಿಂದ ನೋಡಿದರು. ಹಿಮ ಬೀಳುವ ಯಾವುದೋ ಉತ್ತರದ ದೇಶದ ಹುಡುಗಿ, ಹನ್ನೊಂದನೇ ನಂಬರು, ಎಡಗೈಯವಳು, ಎಡಹುಬ್ಬಿನಲ್ಲಿ ಒಂದು ಸೀಳು ಗಾಯ. ಆಕೆ ಆಡಿದ್ದನ್ನು ಹೇಳುವಾಗ ಮೇಡಂ ರೈಲಿನ ಸೀಟಿನಲ್ಲೇ ಭುಜ ಬಾಗಿಸಿ ತೋರಿಸಿದರು: ಹೀಗೆ ಬಂದಳು, ಹೀಗೆ ತಿರುಗಿದಳು, ಚೆಂಡು ಎಲ್ಲಿ ಹೋಯಿತೆಂದು ಆಕೆಯನ್ನು ತಡೆಯಲು ನಿಂತವಳಿಗೇ ತಿಳಿಯಲಿಲ್ಲ. ಕೊನೆಯ ದಿನ ಇಡೀ ಪಂದ್ಯಾವಳಿಗೆ ಉತ್ತಮಳು ಎಂದು ಆಕೆಗೇ ಕಪ್ಪು ಕೊಟ್ಟರು. ಆಕೆಯ ಹೆಸರನ್ನು ಮೈಕಿನಲ್ಲಿ ಕೂಗಿದರೂ ಮೇಡಂ ನಾಲಗೆಗೆ ಅದು ಹತ್ತಲಿಲ್ಲ. ಅವತ್ತಿನಿಂದ ಆಕೆ ಮೇಡಂ ಬಾಯಲ್ಲಿ ಬರೀ 'ಹನ್ನೊಂದು'.

ಮೇಡಂ ಗಂಟು ಹಿಡಿದು ಆಕೆಯ ಹತ್ತಿರ ಹೋದರು. ಜೊತೆಯ ಹುಡುಗಿಯೊಬ್ಬಳು, ಬೇಡ, ಮ್ಯಾನೇಜರ್ ಬಯ್ಯುತ್ತಾರೆ ಎಂದು ತಡೆದಾಗ "ಏಂ ಕಾದು" ಅಂದದ್ದು ಆಗಲೇ. ಜೆರ್ಸಿಯ ಅಂಚು ಹಿಡಿ ಎಂದು ಕೈಸನ್ನೆ ಮಾಡಿದರು. ಹನ್ನೊಂದು ನಗುತ್ತ ಹಿಡಿದಳು. ಅಕ್ಕಿ ಹಾಕಿದರು, ಕೊಬ್ಬರಿ ಇಟ್ಟರು, ಹಸಿರು ಬಟ್ಟೆ ಇಟ್ಟರು. ಗಂಟು ಹಾಕಿಕೊ ಎಂದು ತೋರಿಸಬೇಕು, ಅಷ್ಟರಲ್ಲಿ ಯಾರೋ ಫೋಟೊಕ್ಕೆ ಕೂಗಿದರು. ಹನ್ನೊಂದು ತಿರುಗಿ ಎರಡೂ ಕೈ ಎತ್ತಿದಳು.

ಹೊಳೆಯುವ ಮರದ ನೆಲದ ಮೇಲೆ ಅಕ್ಕಿ ಚೆಲ್ಲಾಪಿಲ್ಲಿಯಾಯಿತು. ಕೊಬ್ಬರಿ ಬಟ್ಟಲು ಉರುಳಿ ನಡುವಿನ ವೃತ್ತಕ್ಕೆ ಹೋಗಿ ನಿಂತಿತು. ಸುತ್ತಲಿನವರು ನಕ್ಕರು. ಹನ್ನೊಂದು ನಗಲಿಲ್ಲ. ಏನೋ ಆಗಬಾರದ್ದು ಆಯಿತೆಂದು ಮೇಡಂ ಮುಖ ನೋಡಿಯೇ ಆಕೆಗೆ ತಿಳಿಯಿತು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಇಬ್ಬರೂ ಬಗ್ಗಿ ಆರಿಸಲು ಶುರು ಮಾಡುವಷ್ಟರಲ್ಲಿ ಅಗಲವಾದ ಮಾಪು ಹಿಡಿದವನೊಬ್ಬ ಬಂದು ಅಕ್ಕಿಯನ್ನು ಧೂಳಿನ ಜೊತೆ ತಳ್ಳಿಕೊಂಡು ಹೋದ. ದೇಶದ ಮರ್ಯಾದೆ ಕಳೆದೆ ಎಂದು ಮ್ಯಾನೇಜರ್ ಅವರ ರಟ್ಟೆ ಹಿಡಿದು ಬಸ್ಸಿಗೆ ಎಳೆದೊಯ್ದ.

ಮುಂದೆ ದೇಶದ ತಂಡಕ್ಕೆ ಅವರನ್ನು ಕರೆಯಲಿಲ್ಲ. ಅದರ ಬಗ್ಗೆ ಮೇಡಂ ಒಂದು ಮಾತೂ ಆಡಲಿಲ್ಲ, ಅದು ಅವರಿಗೆ ದೊಡ್ಡದಾಗಿ ಕಂಡೇ ಇರಲಿಲ್ಲ. ಊರಿಗೆ ಬಂದು ಅವ್ವನಿಗೆ ನಡೆದದ್ದು ಹೇಳಿದರಂತೆ. ಹೋಗಲಿ ಬಿಡು ಎಂಬ ಒಂದು ಮಾತು ಅವ್ವನಿಂದ ಬೇಕಿತ್ತು. ಅವ್ವ ಎದ್ದು ಕುರಿಗೆ ನೀರು ಇಡಲು ಹೋದಳು. ಉಡಿ ಚೆಲ್ಲಿದರೆ ಆ ಹೆಣ್ಣಿನ ಬಾಳಿಗೆ ಕೇಡು ಅನ್ನುವುದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವ ಮಾತಲ್ಲ. ಎಲ್ಲರಿಗೂ ಗೊತ್ತಿರುತ್ತದೆ.

"ನನಗೇನರ ಆಗಿದ್ರ ಫಿಕರ್ ಇರಲಿಲ್ಲ," ಅಂದರು ಮೇಡಂ. "ಆಕಿ ಏನ್ ಮಾಡಿದ್ಲು ಹೇಳು, ಪಾಪ. ಚೆಂದಂಗ ಆಡಿದ್ಲು, ಅಷ್ಟ. ನಾನಾಗಿ ಹೋಗಿ ಆಕಿ ಬಾಳಿಗೆ ಕಲ್ಲು ಹಾಕಿ ಬಂದೆ."

ನಾನು ಇಂಗ್ಲಿಷು ಓದಿದ ಹುಡುಗಿಯ ಹಾಗೆ, ಅದೆಲ್ಲ ಮೂಢನಂಬಿಕೆ ಮೇಡಂ ಎಂದೆ. ಅವರು ಹೂಂ ಅಂದರು. ಬೆಕ್ಕು ಅಡ್ಡ ಬಂದರೆ ನಿಲ್ಲುವವರಲ್ಲ ಅವರು, ಅಮಾವಾಸ್ಯೆಗೆ ಟೂರ್ನಮೆಂಟು ಇಟ್ಟವರು. ಇದೊಂದು ಮಾತ್ರ ಅವರ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಅಲ್ಲಿಂದ ಮುಂದೆ ಅವರ ಫಿಕರು ಅರ್ಧ ನನ್ನದೂ ಆಯಿತು. ಆ ಕಡೆಯ ದೇಶದಲ್ಲಿ ಭೂಮಿ ನಡುಗಿತು, ಗಲಾಟೆಯಾಯಿತು, ಗಣಿ ಕುಸಿಯಿತು ಎಂದು ಟಿವಿಯಲ್ಲಿ ಬಂದರೆ ಸಾಕು, ಸಂಜೆಯೊಳಗೆ ಮೇಡಂ ನಮ್ಮ ಮನೆಯ ಬಾಗಿಲಲ್ಲಿ. ಅದು ಆಕೆಯ ಊರಿಗೆ ದೂರವೋ ಹತ್ತಿರವೋ ನೋಡಿ ಹೇಳು. ಆಕೆಯ ಊರು ಯಾವುದೆಂದೇ ಗೊತ್ತಿಲ್ಲದೆ ನಾನು ಭೂಪಟ ಬಿಚ್ಚಿ, ದೂರ ಇದೆ ಮೇಡಂ, ನಡುವೆ ದೊಡ್ಡ ಗುಡ್ಡ ಇದೆ ಎಂದು ಹೇಳಿ ಕಳಿಸುತ್ತಿದ್ದೆ. ಅವರು ಹೋದ ಮೇಲೆ ನನಗೇ ಅನುಮಾನ ಬಂದು ಮತ್ತೆ ನೋಡುತ್ತಿದ್ದೆ.

ಶ್ರಾವಣ ಕಳೆದು ಜನ ಕಡಿಮೆಯಾದ ಮೇಲೆ ಉರುಕುಂದದ ಈರಣ್ಣ ದೇವರ ಗುಡಿಗೆ ಹೋಗುವುದು ಅವರ ವಾಡಿಕೆ. ಒಮ್ಮೆ ನಾನೂ ಜೊತೆಗಿದ್ದೆ. ಯಾರ ಹೆಸರಿಗೆ ಪೂಜೆ ಎಂದು ಪೂಜಾರಿ ಕೇಳಿದ. ಹನ್ನೊಂದು ಅಂದರು. ಹನ್ನೊಂದು ಜನರೇನಮ್ಮ, ಹೆಸರು ಹೇಳಿ ಅಂದ ಅವನು.

"ಒಬ್ಬಾಕೀನ ರೀ. ಹೆಸರು ಬಾಯಾಗ ನಿಲ್ಲಂಗಿಲ್ಲ. ಈರಣ್ಣಗ ಗೊತ್ತೈತಿ, ನೀವು ಕಾಯಿ ಒಡೀರಿ," ಅಂದರು ಮೇಡಂ.

ಅವನು ಒಡೆದ. ಕಾಯಿ ಚೆನ್ನಾಗಿತ್ತು. ಅದಕ್ಕೂ ಮೇಡಂ, ಸ್ವಲ್ಪ ಓರೆಯಾಗಿ ಒಡೆಯಿತಲ್ಲವೇ ಎಂದು ಬಸ್ಸಿನಲ್ಲಿ ಮೂರು ಸಲ ಕೇಳಿದರು.

ನಿವೃತ್ತಿಯಾದ ಮೇಲೆ ಕೋರ್ಟಿನ ಎದುರು ಒಂದು ಕೋಣೆ ಬಾಡಿಗೆ ಹಿಡಿದು, ಹುಡುಗಿಯರಿಗೆ ಆಟ ಕಲಿಸುವುದನ್ನು ಬಿಡದೆ ಇದ್ದರು. ಅಣ್ಣನ ಮಗಳು ಅವರ ಕೈಯಲ್ಲೇ ಕಲಿತವಳು. ಹೋದ ವರ್ಷ ಒಂದು ಮಧ್ಯಾಹ್ನ ಆಕೆ ಫೋನು ಹಿಡಿದು ನನ್ನ ಬಳಿಗೆ ಓಡಿ ಬಂದಳು. ಏಷ್ಯಾದ ಹೆಂಗಸರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಶುರುವಾಗುವ ಮುನ್ನ, ಹಿಂದಿನ ಕಾಲದ ಶ್ರೇಷ್ಠ ಆಟಗಾರ್ತಿಯರಿಗೆ ಸನ್ಮಾನ ಮಾಡುತ್ತಾರಂತೆ, ಅದನ್ನು ಫೋನಿನಲ್ಲೇ ನೇರ ನೋಡಬಹುದಂತೆ. ಅವರ ಹಳೆಯ ಫೋಟೊಗಳನ್ನು ಹಾಕಿದ್ದರು. ನಡುವೆ ಒಬ್ಬಳು ಎಡಗೈಯಲ್ಲಿ ಚೆಂಡು ಎತ್ತಿ ನಿಂತಿದ್ದಾಳೆ. ಜೆರ್ಸಿಯ ಮೇಲೆ ಹನ್ನೊಂದು. ನನ್ನಿಂದ ಆ ಕಥೆ ಕೇಳಿದ್ದ ಹುಡುಗಿ ಫೋಟೊ ದೊಡ್ಡದು ಮಾಡಿ ಎಡಹುಬ್ಬು ತೋರಿಸಿದಳು. ಸೀಳು ಇತ್ತು.

"ಅತ್ಯಾ, ಮೇಡಂಗೆ ಹೇಳೂನು ನಡಿ," ಅಂದಳು.

ಫೋಟೊದ ಕೆಳಗೆ ಹೆಸರಿತ್ತು, ದೇಶವಿತ್ತು, ಆಕೆ ಬದುಕಿದ್ದಾಳೆ ಎಂದು ಎಲ್ಲೂ ಇರಲಿಲ್ಲ. ತೀರಿಹೋದವರ ಪರವಾಗಿ ಮನೆಯವರು ಬಂದು ಸನ್ಮಾನ ತೆಗೆದುಕೊಳ್ಳುತ್ತಾರೆ ಅಂತಲೂ ಅಲ್ಲೇ ಬರೆದಿದ್ದರು. ಮೇಡಂಗೆ ಬಿಪಿ, ಆ ಬೇಸಿಗೆಯಲ್ಲಿ ಎರಡು ಸಲ ತಲೆ ತಿರುಗಿ ಬಿದ್ದಿದ್ದರು. ಆಕೆ ಇಲ್ಲ ಎಂದು ತಿಳಿದರೆ? ಮೊದಲು ನಾವಿಬ್ಬರೇ ನೋಡೋಣ, ಒಳ್ಳೆಯದಿದ್ದರೆ ತೋರಿಸೋಣ, ಇಲ್ಲದಿದ್ದರೆ ಸುಮ್ಮನಿದ್ದುಬಿಡೋಣ ಎಂದು ಹುಡುಗಿಯ ಬಾಯಿ ಕಟ್ಟಿದೆ. ಆದರೆ ಸನ್ಮಾನದ ಹಿಂದಿನ ದಿನ ಮಾತ್ರೆ ಕೊಡಲು ಅವರ ಕೋಣೆಗೆ ಹೋದ ನನ್ನ ಮುಖ ನೋಡಿದ್ದೇ ಮೇಡಂ ಹಿಡಿದುಬಿಟ್ಟರು. ಚಿಂತೆ ಮಾಡಿ ಮಾಡಿ ನುರಿತವರ ಮುಂದೆ ಚಿಂತೆ ಬಚ್ಚಿಡಲು ಆಗುತ್ತದೆಯೇ? ಹೇಳಬೇಕಾಯಿತು.

ನಾನು, ನೀವು ನೋಡುವುದು ಬೇಡ, ನಾನು ನೋಡಿ ಹೇಳುತ್ತೇನೆ ಎಂದೆ.

"ನೀ ಸುಳ್ಳು ಹೇಳ್ತಿ," ಅಂದರು. "ನಡುವ ಗುಡ್ಡ ಐತಿ ಅಂತ ಹೇಳ್ತಿದ್ದೆಲ್ಲ, ಹಂಗ. ನಾನ ನೋಡ್ತೀನಿ."

ಮರುದಿನ ಮಧ್ಯಾಹ್ನ ಅವರ ಕೋಣೆಯಲ್ಲಿ ಮೂವರೂ ಕೂತೆವು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಳು ಹುಡುಗಿ. ಮೇಡಂ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ. ನಾನು ಮಾಡಿಕೊಟ್ಟ ಚಹಾ ಮುಟ್ಟಲಿಲ್ಲ. ಮೊದಲು ಒಬ್ಬಾಕೆ ತಾನೇ ಬಂದು, ಕಪ್ಪು ತೆಗೆದುಕೊಂಡು, ಎಲ್ಲರಿಗೂ ಕೈ ಬೀಸಿದಳು. ಸನ್ಮಾನ ಪಡೆದವರಿಗೆ ಮೈತುಂಬ ಒಂದು ಶಾಲು ಹೊದಿಸುತ್ತಿದ್ದರು. ಎರಡನೆಯವಳ ಹೆಸರು ಕರೆದಾಗ ಒಬ್ಬ ಗಂಡಸು ಬಂದ, ಎದೆಗೆ ಫೋಟೊ ಅವಚಿಕೊಂಡಿದ್ದ. ಮೇಡಂ ನನ್ನ ಮುಂಗೈ ಹಿಡಿದರು. ಬಳೆ ಒತ್ತಿ ನೋವಾಗುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಹಳೆಯ ಆಟದ ಒಂದು ತುಣುಕು ಬಂತು. ಎಡಗೈಯವಳು ಭುಜ ಬಾಗಿಸಿ ಬಂದಳು, ತಿರುಗಿದಳು. ರೈಲಿನಲ್ಲಿ ಮೇಡಂ ತೋರಿಸಿದ್ದು ಹಾಗೇ ಇತ್ತು. "ಆಕೀನ," ಅಂದರು ಮೇಡಂ. ಮೈಕಿನಲ್ಲಿ ಹೆಸರು ಕರೆದರು. ವೇದಿಕೆಯ ಪಕ್ಕದಿಂದ ಕಪ್ಪು ಬಟ್ಟೆ ತೊಟ್ಟ, ಮೂವತ್ತು ದಾಟಿದ ಹೆಂಗಸು ಒಬ್ಬಳೇ ನಡೆದು ಬಂದಳು.

ಮೇಡಂ ನನ್ನ ಕೈ ಬಿಟ್ಟುಬಿಟ್ಟರು.

"ಮಗಳು ಬಂದಾಳ," ಅಂದರು. "ಆಕಿ ಇಲ್ಲ."

ಅಷ್ಟಕ್ಕೇ ಚಿತ್ರ ನಿಂತಿತು. ಪರದೆಯ ಮೇಲೆ ಆ ದರಿದ್ರ ಚಕ್ರ ತಿರುಗತೊಡಗಿತು. ಹುಡುಗಿ ಫೋನು ಎತ್ತಿಕೊಂಡು ಕಿಟಕಿಗೆ ಓಡಿದಳು, ಬಾಗಿಲಿಗೆ ಓಡಿದಳು. ಮೇಡಂ ನೆಲ ನೋಡುತ್ತ ಕೂತಿದ್ದರು. ಏಂ ಕಾದು ಅನ್ನುವ ಮಾತು ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ನನಗೆ ಅಳು ಬಂದಿತ್ತು.

"ಬಂತು, ಬಂತು," ಎಂದು ಹುಡುಗಿ ಬಾಗಿಲಿಂದಲೇ ಹೇಳಿ ಫೋನು ತಂದು ಮೇಡಂ ಕಣ್ಣ ಮುಂದೆ ಹಿಡಿದಳು. ಕಪ್ಪು ಬಟ್ಟೆಯವಳು ವೇದಿಕೆಯ ಅಂಚಿನಲ್ಲಿ ಬಗ್ಗಿ ಮೆಟ್ಟಿಲಿನ ಕಡೆ ಕೈ ಚಾಚಿದ್ದಳು. ಆ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಕೋಲೂರಿ, ನರೆಗೂದಲಿನ ಎತ್ತರದ ಹೆಂಗಸೊಬ್ಬಳು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದಳು. ಮೊಣಕಾಲು ಸೋತಿತ್ತು, ನಗು ಚೆನ್ನಾಗಿತ್ತು. ಎಡಹುಬ್ಬು ತೋರಿಸಲು ಹುಡುಗಿ ಬೆರಳು ಇಟ್ಟಳು. ತೋರಿಸುವುದು ಬೇಕಿರಲಿಲ್ಲ. ಮೇಡಂ ಎರಡೂ ಕೈ ಜೋಡಿಸಿದ್ದರು.

ಶಾಲು ಹೊದಿಸಿದರು. ಕಪ್ಪನ್ನು ಮಗಳ ಕೈಗೆ ಕೊಟ್ಟಳು ಆಕೆ. ಆಗ ಜೆರ್ಸಿ ತೊಟ್ಟ ಚಿಕ್ಕ ಹುಡುಗಿಯರು ಸಾಲಾಗಿ ಬಂದು ಒಬ್ಬೊಬ್ಬರೂ ಒಂದೊಂದು ಹೂವು ಕೊಡತೊಡಗಿದರು. ಆಕೆ ಒಂದು ತೆಗೆದುಕೊಂಡಳು, ಎರಡು ತೆಗೆದುಕೊಂಡಳು. ಆಮೇಲೆ ಕೋಲನ್ನೂ ಮಗಳಿಗೆ ಕೊಟ್ಟು, ಶಾಲಿನ ಎರಡೂ ತುದಿ ಹಿಡಿದು ಮುಂದಕ್ಕೆ ಒಡ್ಡಿದಳು. ಹುಡುಗಿಯರು ಅದರಲ್ಲಿ ಹೂವು ಹಾಕುತ್ತ ಹೋದರು. ಪಕ್ಕದಿಂದ ಯಾರೋ ಫೋಟೊಕ್ಕೆ ಕೂಗಿದರೆಂದು ಕಾಣುತ್ತದೆ, ಎಲ್ಲರೂ ಆ ಕಡೆ ತಿರುಗಿದರು. ಆಕೆ ತಿರುಗಲಿಲ್ಲ. ತಲೆ ತಗ್ಗಿಸಿ ಶಾಲಿನ ತುದಿಗಳನ್ನು ಸೇರಿಸಿ, ಸುತ್ತಿ, ಎಳೆದು ಕಟ್ಟಿದಳು. ಆಮೇಲೆ ಮುಖ ಎತ್ತಿದಳು.

ಕೈ ತುಂಬಿದರೆ ಯಾರಾದರೂ ಹಾಗೇ ಮಾಡುತ್ತಾರೆ ಎಂದು ನನಗೂ ಗೊತ್ತು. ಹುಡುಗಿ ಅದನ್ನೇ ಹೇಳಲು ಬಾಯಿ ತೆರೆದಳು. ನಾನು ಆಕೆಯ ತೊಡೆ ಚಿವುಟಿದೆ.

"ನೆಲ ತೋರ್ಸು," ಅಂದರು ಮೇಡಂ.

ಹುಡುಗಿ ಹಿಂದಕ್ಕೆ ಎಳೆದು ಮತ್ತೆ ಹಾಕಿದಳು. ಕ್ಯಾಮೆರಾ ಮುಖಗಳನ್ನೇ ತೋರಿಸುತ್ತಿತ್ತು. ಮತ್ತೆ ಹಾಕಿದಳು. ಕೊನೆಯಲ್ಲಿ ಒಂದು ಗಳಿಗೆ ದೂರದಿಂದ ಇಡೀ ವೇದಿಕೆ ಕಂಡಿತು. ಅಲ್ಲಿ ನಿಲ್ಲಿಸಿ ದೊಡ್ಡದು ಮಾಡಿದಳು. ಮೇಡಂ ಕನ್ನಡಕ ಒರೆಸಿಕೊಂಡು, ಕೋರ್ಟು ಗುಡಿಸಿದ ಮೇಲೆ ನೋಡುತ್ತಿದ್ದ ಹಾಗೆ, ಆ ಮೂಲೆಯಿಂದ ಈ ಮೂಲೆಯವರೆಗೆ ನೋಡಿದರು. ಒಂದು ಎಸಳೂ ಬಿದ್ದಿರಲಿಲ್ಲ.

"ಗಂಟು ಹಾಕೂದು ಹೇಳಿಕೊಡಾಕ ನನಗ ಬಿಟ್ಟಿರಲಿಲ್ಲ," ಅಂದರು. "ತಾನ ಕಲ್ತಾಳ."

ಆರಿಹೋಗಿದ್ದ ಚಹಾದ ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು, ಹಿಂದಕ್ಕೆ ಸರಿದು, ಕುರ್ಚಿಗೆ ಬೆನ್ನು ಒರ‍ಗಿಸಿ ಕೂತರು.